ಒಂಬತ್ತು ಚುಕ್ಕೆಗಳು

ಈ ಸಲ ದಸರಾ ರಜೆಗೆ ಊರಿಗೆ ಹೋದಾಗ ಅಮ್ಮ ಅಟ್ಟ ಖಾಲಿ ಮಾಡಿಸುತ್ತಿದ್ದಳು. ಸಾಗರದ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಅಡಿಕೆ ಚೀಲ, ಕೆಟ್ಟುಹೋದ ಔಷಧಿ ಹೊಡೆಯುವ ಪಂಪು, ಅಪ್ಪನ ಕಾಲದ ಪಂಚಾಂಗಗಳ ಜೊತೆ ನನ್ನ ಎಂ.ಎಸ್ಸಿ. ಪುಸ್ತಕಗಳ ರಟ್ಟಿನ ಪೆಟ್ಟಿಗೆಯೂ ಇತ್ತು. "ಇದನ್ನ ಗುಜರಿಗೆ ಹಾಕ್ಲೇನೋ?" ಅಂದಳು. "ಇರಮ್ಮ, ಒಂದ್ಸಲ ನೋಡ್ತೀನಿ" ಅಂದೆ.

ಪೆಟ್ಟಿಗೆಯ ತಳದಲ್ಲಿ ನನ್ನ ಪ್ರಾಕ್ಟಿಕಲ್ ರೆಕಾರ್ಡ್ ಸಿಕ್ಕಿತು. ಗೆದ್ದಲು ಅಂಚನ್ನಷ್ಟೇ ಮುಟ್ಟಿತ್ತು. ನಡುವಿನ ಒಂದು ಪುಟಕ್ಕೆ ಅಂಗೈಯಗಲದ ಎಕ್ಸ್‌ರೇ ಫಿಲ್ಮ್ ಅಂಟಿಸಿದ್ದೆ. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಯಾರೋ ಚುಕ್ಕಿ ಇಟ್ಟು ರಂಗೋಲಿ ಹಾಕೋದನ್ನ ಮರೆತ ಹಂಗಿದೆ" ಅಂದಳು. ಎದುರು ಪುಟದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಬರೆದಿತ್ತು: ಗುರುತಿಸಿದ ಚುಕ್ಕೆಗಳು 32. ಅದರ ಕೆಳಗೆ ಸಣ್ಣದಾಗಿ: ಉಳಿದವು ಫಿಲ್ಮ್ ದೋಷ.

ಆ ಎರಡನೇ ಸಾಲು ಸುಳ್ಳು. ಬರೆಯುವಾಗಲೇ ನನಗದು ಗೊತ್ತಿತ್ತು. ಹದಿನೈದು ವರ್ಷಗಳ ಮೇಲೆ ಅದನ್ನು ಓದಿದಾಗ ಕಿವಿ ಬಿಸಿಯಾಯಿತು.

ಇದು ಲಾವೆ ಚಿತ್ರ. ಜರ್ಮನಿಯ ಮ್ಯಾಕ್ಸ್ ಫಾನ್ ಲಾವೆಯ ಹೆಸರಿನದು. 1912ರಲ್ಲಿ ಮ್ಯೂನಿಕ್‌ನಲ್ಲಿ ಅವನ ಸೂಚನೆಯಂತೆ ಫ್ರೀಡ್ರಿಶ್ ಮತ್ತು ಕ್ನಿಪ್ಪಿಂಗ್ ಎಂಬಿಬ್ಬರು ಒಂದು ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿ ಹಿಂದೆ ಫೋಟೋ ಫಲಕ ಇಟ್ಟರು. ಫಲಕದ ಮೇಲೆ ಚುಕ್ಕೆಗಳು ಮೂಡಿದವು. ಎಕ್ಸ್‌ರೇ ಅಲೆಗಳೆಂದೂ, ಹರಳಿನೊಳಗೆ ಪರಮಾಣುಗಳು ಸಾಲಾಗಿ ಕೂತಿವೆಯೆಂದೂ ಒಂದೇ ಏಟಿಗೆ ಗೊತ್ತಾಯಿತು. 1914ರ ನೊಬೆಲ್ ಲಾವೆಗೆ ಬಂತು. ಅವರು ಮೊದಲು ಇಟ್ಟ ಹರಳು ಯಾವುದು ಗೊತ್ತೇ? ಮೈಲುತುತ್ತ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆಂದು ಅಪ್ಪ ಡ್ರಮ್ಮಿನಲ್ಲಿ ಸುಣ್ಣದ ಜೊತೆ ಕಲಸುತ್ತಿದ್ದ ಅದೇ ನೀಲಿ ಹರಳು. ಕ್ಲಾಸಿನಲ್ಲಿ ಇದನ್ನು ಕೇಳಿದ ದಿನ ಮನೆಗೆ ಫೋನ್ ಮಾಡಿ ಹೇಳಿದ್ದೆ. "ಹೌದಾ, ಈ ವರ್ಷ ಅದರ ರೇಟು ಕೇಳಿದ್ಯಾ?" ಅಂದಿದ್ದರು ಅಪ್ಪ.

ಈ ವಿಧಾನದಲ್ಲಿ ಹರಳು ಅಲ್ಲಾಡದೆ ನಿಂತಿರುತ್ತದೆ. ಬರುವ ಎಕ್ಸ್‌ರೇಯಲ್ಲಿ ಎಲ್ಲ ತರಂಗಾಂತರಗಳೂ ಬೆರೆತಿರುತ್ತವೆ. ಹರಳಿನೊಳಗಿನ ಪ್ರತಿಯೊಂದು ಪರಮಾಣು ಪದರವೂ ಆ ಸಂತೆಯಿಂದ ತನಗೆ ಹೊಂದುವ ತರಂಗಾಂತರವನ್ನು ಆರಿಸಿಕೊಂಡು ಒಂದು ದಿಕ್ಕಿಗೆ ಎಸೆಯುತ್ತದೆ. ಹೀಗೆ ಎಸೆದದ್ದೆಲ್ಲ ಫಿಲ್ಮಿನ ಮೇಲೆ ಒಟ್ಟಿಗೇ ಚುಕ್ಕೆಗಳಾಗಿ ಬೀಳುತ್ತವೆ. ಇದನ್ನು ಮೊದಲು ಸರಿಯಾಗಿ ಕಂಡವನು ಇಂಗ್ಲೆಂಡಿನ ಲಾರೆನ್ಸ್ ಬ್ರ್ಯಾಗ್, ಆಗ ಅವನಿಗೆ 22 ವರ್ಷ. ಲಾವೆ ಸ್ವತಃ ತನ್ನ ಚಿತ್ರವನ್ನು ಕೇವಲ ಐದು ತರಂಗಾಂತರಗಳಿಂದ ವಿವರಿಸಲು ಹೋಗಿದ್ದ. ಆ ಲೆಕ್ಕದ ಪ್ರಕಾರ ಇನ್ನೂ ಕೆಲವು ಚುಕ್ಕೆಗಳು ಇರಬೇಕಿತ್ತು, ಇರಲಿಲ್ಲ. ಬ್ರ್ಯಾಗ್ ಅದನ್ನು ಬಿಡಲಿಲ್ಲ.

ನಮ್ಮ ವಿಭಾಗದಲ್ಲಿ ಕೊಟ್ಟದ್ದು ಉಪ್ಪಿನ ಹರಳಿನ ತೆಳು ಬಿಲ್ಲೆ. ಹರಳಿನಿಂದ ಫಿಲ್ಮಿಗೆ 4 ಸೆಂಟಿಮೀಟರ್. ಎರಡು ಗಂಟೆ ಎಕ್ಸ್‌ರೇ ಬಿಟ್ಟು, ಡಾರ್ಕ್ ರೂಮಿನಲ್ಲಿ ತೊಳೆದು, ಒಣಗಿಸಿ, ಟ್ರೇಸಿಂಗ್ ಪೇಪರ್ ಮೇಲೆ ಚುಕ್ಕೆಗಳನ್ನು ಇಳಿಸಬೇಕು. ಒಂದೊಂದು ಚುಕ್ಕೆ ನಡುವಿನಿಂದ ಎಷ್ಟು ದೂರ, ಯಾವ ದಿಕ್ಕಿಗೆ ಎಂದು ಅಳೆದರೆ ಅದನ್ನು ಎಸೆದ ಪದರ ಹೇಗೆ ವಾಲಿದೆ ಎಂಬುದು ಸಿಗುತ್ತದೆ. ಎರಡು ಪದರಗಳ ನಡುವಿನ ಕೋನ ನೋಡಿ ಅವು ಯಾವುವೆಂದು ಊಹಿಸಬೇಕು. ಉಪ್ಪಿನಂಥ ಘನಾಕೃತಿಯ ಹರಳಿನಲ್ಲಿ 45 ಡಿಗ್ರಿ, 54.7 ಡಿಗ್ರಿ, 35.3 ಡಿಗ್ರಿ ಇಂಥವು ಮತ್ತೆ ಮತ್ತೆ ಬರುತ್ತವೆ. ಕೊನೆಗೆ ಪ್ರತಿ ಚುಕ್ಕೆಗೂ ಮೂರು ಪೂರ್ಣಾಂಕಗಳ ಒಂದು ಹೆಸರು. ಇಬ್ಬರಿಗೆ ಒಂದು ಫಿಲ್ಮ್, ಇಬ್ಬರಿಗೂ ಬೇರೆ ಬೇರೆ ರೆಕಾರ್ಡ್.

ನನ್ನ ಜೊತೆಗಿದ್ದವಳು ಕುಮಟಾ ಕಡೆಯ ಹುಡುಗಿ. ನಾವು 41 ಚುಕ್ಕೆ ಎಣಿಸಿದೆವು. ಮೂರು ದಿನ ಕೂತು 32ಕ್ಕೆ ಹೆಸರು ಕೊಟ್ಟೆವು. ಮಸುಕಾದ ಒಂಬತ್ತು ಯಾವ ಲೆಕ್ಕಕ್ಕೂ ಬಗ್ಗಲಿಲ್ಲ. ನಾಲ್ಕನೇ ದಿನ ಅವಳು ಹೇಳಿದಳು: "ನೋಡು, ಇವು ಎಲ್ಲೆಲ್ಲೋ ಬಿದ್ದಿಲ್ಲ. ಒಂದೊಂದೂ ಒಂದೊಂದು ದೊಡ್ಡ ಚುಕ್ಕೆ ಪಕ್ಕದಲ್ಲೇ ಇದೆ. ನೆರಳಿನ ಹಾಗೆ. ಈ ಹರಳು ಎರಡಾಗಿರ್ಬೇಕು ಮಾರಾಯ."

ನನಗೆ ಮರುದಿನ ಒಂದು ಕಂಪನಿಯ ಕ್ಯಾಂಪಸ್ ಪರೀಕ್ಷೆ. "ಸಿಂಗಲ್ ಕ್ರಿಸ್ಟಲ್ ಅಂತ ಡಬ್ಬಿ ಮೇಲೇ ಬರೆದಿದೆಯಲ್ಲೇ" ಅಂದೆ. ಟ್ರೇಸಿಂಗ್ ಪೇಪರ್ ಮೇಲೆ ಆ ಒಂಬತ್ತನ್ನು ಇಳಿಸದೆ ಬಿಟ್ಟೆ, ಫಿಲ್ಮ್ ದೋಷ ಅಂತ ಬರೆದೆ. ಅವಳು ಒಂಬತ್ತನ್ನೂ ಇಳಿಸಿ, ಸುತ್ತ ಪೆನ್ಸಿಲ್ ಗುಂಡು ಹಾಕಿ, "ಎರಡನೆಯ ಕಣ ಇರಬಹುದು, ಖಚಿತಪಡಿಸಲು ಆಗಲಿಲ್ಲ" ಎಂದು ಬರೆದಳು.

ವೈವಾದಲ್ಲಿ ಇಬ್ಬರ ರೆಕಾರ್ಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪರೀಕ್ಷಕರು ಅವಳನ್ನು ಕೇಳಿದರು: "ಒಂದೇ ಫಿಲ್ಮ್, ಇವರಿಗೆ ಸರಿಯಾಗಿ ಬಂದಿದೆ, ನಿಮಗೆ ಯಾಕೆ ಬಂದಿಲ್ಲ?" ಅವಳು ನನ್ನ ಮುಖ ನೋಡಿದಳು. ನಾನು ಮೇಜಿನ ಮೇಲಿನ ಸ್ಕ್ರೂ ಗೇಜ್ ನೋಡುತ್ತಿದ್ದೆ. "ಅವಳು ಹೇಳಿದ್ದೂ ಇರಬಹುದು ಸರ್" ಅನ್ನುವುದಕ್ಕೆ ಐದು ಸೆಕೆಂಡು ಸಾಕಿತ್ತು. ಆ ಪ್ರಾಕ್ಟಿಕಲ್‌ನಲ್ಲಿ ನನಗೆ ಅವಳಿಗಿಂತ 11 ಅಂಕ ಜಾಸ್ತಿ ಬಂತು. ಪಿಎಚ್‌ಡಿ ಮಾಡಬೇಕೆಂದಿದ್ದವಳು ಅವಳು, ನಾನಲ್ಲ. ಆಮೇಲೆ ಕ್ಯಾಂಟೀನಿನಲ್ಲಿ, "ನಂಗೆ ಇಲ್ಲದ್ದೆಲ್ಲ ಕಾಣ್ತದೋ ಏನೋ" ಎಂದು ನಕ್ಕಿದ್ದಳು. ಆ ನಗುವಿಗೂ ನಾನು ಏನೂ ಹೇಳಲಿಲ್ಲ.

ನನಗೆ ಕೆಲಸ ಸಿಕ್ಕಿತು. ಈಗ ಹೈದರಾಬಾದಿಗೆ ಬಂದು ಹನ್ನೊಂದು ವರ್ಷ. ಮಿಯಾಪುರದಲ್ಲಿ ಮನೆ, ಮಾಧಾಪುರದಲ್ಲಿ ಆಫೀಸು. ಎರಡು ಕಡೆಯ ಲೆಕ್ಕಗಳನ್ನು ತಾಳೆ ನೋಡುವ ಸಾಫ್ಟ್‌ವೇರ್ ಬರೆಯುವ ತಂಡ ನಮ್ಮದು. ಕೂಡಿದವು ಒಂದು ಕಡೆ, ಕೂಡದವು ರಿಜೆಕ್ಟ್ ಫೈಲಿಗೆ. ದಿನಾ ಮಾಡುವುದು ಅದನ್ನೇ.

ರೆಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ. ಒಂದು ಶನಿವಾರ ರಾತ್ರಿ, ಇದನ್ನು ಈಗ ಕಂಪ್ಯೂಟರಿನಲ್ಲಿ ಹೇಗೆ ಮಾಡುತ್ತಾರೆ ಎಂದು ನೋಡಲು ಕೂತವನಿಗೆ ಬೆಳಗಿನ ಜಾವ ಮೂರಾದದ್ದು ತಿಳಿಯಲಿಲ್ಲ.

ಎಂ.ಎಸ್ಸಿ.ಯಲ್ಲಿ ನಮಗೆ ಲಾವೆ ವಿಧಾನವೆಂದರೆ ಹಳೆಯ ಕಾಲದ್ದು, ಹರಳು ಯಾವ ಕಡೆ ತಿರುಗಿದೆ ಎಂದು ನೋಡಲಷ್ಟೇ ಬರುತ್ತದೆ ಎಂದು ಹೇಳಿಕೊಟ್ಟಿದ್ದರು. ಅದಕ್ಕೆ ಕಾರಣವಿತ್ತು. ಒಂದೊಂದು ಚುಕ್ಕೆಯದೂ ಒಂದೊಂದು ತರಂಗಾಂತರ, ಆದ್ದರಿಂದ ಅವುಗಳ ಕಪ್ಪನ್ನು ಒಂದರ ಜೊತೆ ಇನ್ನೊಂದನ್ನು ಹೋಲಿಸಲು ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೆರಕೆ. ಒಂದು ಪದರ ಒಂದು ತರಂಗಾಂತರವನ್ನು ಎಸೆಯುವ ಜಾಗಕ್ಕೇ ಅದರ ಅರ್ಧದ್ದನ್ನೂ, ಮೂರನೇ ಒಂದರಷ್ಟಿನದನ್ನೂ ಎಸೆಯುತ್ತದೆ. ಒಂದು ಚುಕ್ಕೆಯೊಳಗೆ ಎಷ್ಟು ಮಂದಿ ಇದ್ದಾರೋ! ಹೀಗಾಗಿ ಅಣುಗಳ ರಚನೆ ಬಿಡಿಸುವವರು ಒಂದೇ ತರಂಗಾಂತರ ಬಳಸಿ ಹರಳನ್ನು ತಿರುಗಿಸುವ ದಾರಿ ಹಿಡಿದು, ಲಾವೆಯನ್ನು ಪಕ್ಕಕ್ಕಿಟ್ಟರು.

ಸಿಂಕ್ರೊಟ್ರಾನ್ ಯಂತ್ರಗಳ ಪ್ರಖರ ಎಕ್ಸ್‌ರೇ ಬಂದ ಮೇಲೆ 1980ರ ದಶಕದಲ್ಲಿ ಅದರ ನೆನಪಾಯಿತು. ಹರಳನ್ನು ತಿರುಗಿಸುವ ಹಾಗಿಲ್ಲವಲ್ಲ, ಕಣ್ಣು ಮಿಟುಕಿಸುವುದಕ್ಕೂ ಬಹಳ ಮೊದಲೇ ಪೂರ್ತಿ ಚಿತ್ರ ಸಿಗುತ್ತದೆ. ಬೆರಕೆಯ ಭಯವನ್ನು 1987ರಲ್ಲಿ ಕ್ರುಕ್‌ಶ್ಯಾಂಕ್, ಹೆಲಿವೆಲ್, ಮೊಫಾಟ್ ಎಂಬ ಮೂವರು ಕಾಗದದ ಮೇಲೇ ಬಿಡಿಸಿದರು. ಆ ಮೂರು ಪೂರ್ಣಾಂಕಗಳಿಗೆ ಸಾಮಾನ್ಯ ಅಪವರ್ತನ ಇದ್ದರೆ ತಾನೇ ಬೆರಕೆ? ಯಾವುದೇ ಮೂರು ಪೂರ್ಣಾಂಕ ತೆಗೆದುಕೊಂಡರೆ ಅವುಗಳಿಗೆ ಸಾಮಾನ್ಯ ಅಪವರ್ತನ ಇಲ್ಲದಿರುವ ಸಾಧ್ಯತೆ ಸುಮಾರು 83%. ಉಳಿದ ಮಿತಿಗಳನ್ನೂ ಸೇರಿಸಿ, ತರಂಗಾಂತರಗಳ ಹರವು ಎಷ್ಟೇ ಇದ್ದರೂ ಸುಮಾರು 73% ಪ್ರತಿಫಲನಗಳು ಒಂಟಿಯಾಗಿಯೇ ಬೀಳುತ್ತವೆ ಎಂದು ಅವರು ತೋರಿಸಿದರು. ಹೈಸ್ಕೂಲಿನ ಮಸಾಅ ಲೆಕ್ಕ ಇಷ್ಟು ದೂರ ಬಂದದ್ದು ನೋಡಿ ಖುಷಿಯಾಯಿತು.

ಆಮೇಲಿನ ಕೆಲಸ ಸಾಫ್ಟ್‌ವೇರಿನದು. ಇಂಗ್ಲೆಂಡಿನ ಡೇರ್ಸ್‌ಬರಿಯಲ್ಲಿ ಲಾವೆಗೆಂದೇ ಪ್ರೋಗ್ರಾಮುಗಳು ತಯಾರಾದವು. ಅಮೆರಿಕದಲ್ಲಿ ಲಾವೆವ್ಯೂ ಬಂತು. 1996ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ, ನಮ್ಮ ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಪ್ರೋಟೀನಿಗೆ ಅಂಟಿದ್ದ ಕಾರ್ಬನ್ ಮೊನಾಕ್ಸೈಡನ್ನು ಲೇಸರ್ ಬೆಳಕಿನಿಂದ ಕಿತ್ತು, ಮುಂದಿನ ನ್ಯಾನೋಸೆಕೆಂಡುಗಳಲ್ಲಿ ಏನಾಗುತ್ತದೆಂದು ಲಾವೆ ಚಿತ್ರಗಳಿಂದ ನೋಡಿದರು. ಈಚಿನವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 2022ರಲ್ಲಿ ಪ್ರಕಟವಾದ ಕೇರ್‌ಲೆಸ್ ಎಂಬ ಮುಕ್ತ ಸಾಫ್ಟ್‌ವೇರ್. ಹೆಸರು ಹಾಗಿದ್ದರೂ ಕೆಲಸ ಎಚ್ಚರಿಕೆಯದು. ಉಳಿದವುಗಳ ಜೊತೆ ಹೊಂದದ ಅಳತೆಯನ್ನು ಕಿತ್ತೆಸೆಯುವ ಬದಲು, ಅಂಥವು ಆಗಾಗ ಬಂದೇ ಬರುತ್ತವೆ ಎಂದು ಮೊದಲೇ ಒಪ್ಪಿಕೊಂಡು, ಅದರ ಮಾತಿಗೆ ಕಡಿಮೆ ತೂಕ ಕೊಟ್ಟು ಒಳಗೇ ಇಟ್ಟುಕೊಳ್ಳುವ ಸಂಖ್ಯಾಶಾಸ್ತ್ರದ ವ್ಯವಸ್ಥೆ ಅದರಲ್ಲಿದೆ. ನಮ್ಮ ರಿಜೆಕ್ಟ್ ಫೈಲು ನೆನಪಾಯಿತು.

ನನಗೆ ಬೇಕಿದ್ದದ್ದು ಇದಕ್ಕಿಂತ ಸರಳವಾದದ್ದು. ಗ್ರೆನೋಬ್ಲ್‌ನ ಅದೇ ಸಿಂಕ್ರೊಟ್ರಾನಿನಲ್ಲಿ, ಲೋಹ ಮತ್ತು ಅರೆವಾಹಕಗಳ ಹರಳು ನೋಡುವವರು ಪೈಥಾನ್‌ನಲ್ಲಿ ಬರೆದ ಲಾವೆಟೂಲ್ಸ್ ಇತ್ತು. ಚುಕ್ಕೆಗಳ ಜಾಗ ಕೊಟ್ಟರೆ ಅದು ಪ್ರತಿ ಜೋಡಿಯ ನಡುವಿನ ಕೋನವನ್ನು ಲೆಕ್ಕ ಹಾಕಿ, ಹರಳಿನಲ್ಲಿ ಇರಬಹುದಾದ ಕೋನಗಳ ಪಟ್ಟಿಯ ಜೊತೆ ಹೋಲಿಸುತ್ತದೆ. ಒಂದು ಜೋಡಿ ಹೊಂದಿದರೆ ಹರಳು ಹೀಗೆ ನಿಂತಿರಬಹುದು ಎಂದು ಊಹಿಸಿ, ಹಾಗಿದ್ದರೆ ಚುಕ್ಕೆಗಳು ಎಲ್ಲೆಲ್ಲಿ ಬೀಳಬೇಕೆಂದು ತಾನೇ ಚಿತ್ರ ಬಿಡಿಸಿ, ನಿಜದ ಚಿತ್ರದ ಜೊತೆ ಎಷ್ಟು ಕೂಡಿತೆಂದು ಎಣಿಸುತ್ತದೆ. ಕೂಡದಿದ್ದರೆ ಮುಂದಿನ ಜೋಡಿ. ನಾವಿಬ್ಬರು ಮೂರು ದಿನ ಮಾಡಿದ್ದೂ ಇದನ್ನೇ. ಅದಕ್ಕೆ ಬೇಸರವಿಲ್ಲ, ಮರುದಿನ ಕ್ಯಾಂಪಸ್ ಪರೀಕ್ಷೆ ಇಲ್ಲ, ಅಷ್ಟೇ ವ್ಯತ್ಯಾಸ.

ಮೊದಲು ಮಗಳ ಡ್ರಾಯಿಂಗ್ ಲೈಟ್ ಪ್ಯಾಡ್ ಮೇಲೆ ಫಿಲ್ಮ್ ಇಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದೆ. 41ರಲ್ಲಿ ಹದಿನಾಲ್ಕೂ ಕೂಡಲಿಲ್ಲ. ಮೊಬೈಲ್ ಲೆನ್ಸು ಅಂಚುಗಳನ್ನು ಬಗ್ಗಿಸುತ್ತದೆ ಎಂದು ಹೊಳೆಯಲು ಎರಡು ರಾತ್ರಿ ಬೇಕಾದವು. ಅಮೀರ್‌ಪೇಟೆಯಲ್ಲಿ ನೆಗೆಟಿವ್ ಸ್ಕ್ಯಾನ್ ಮಾಡುವ ಹಳೆಯ ಸ್ಟುಡಿಯೊ ಹುಡುಕಿಕೊಂಡು ಹೋದೆ. ಅಂಗಡಿಯವರು ಫಿಲ್ಮನ್ನು ತಿರುಗಿಸಿ ಮುರುಗಿಸಿ ನೋಡಿ, "ಎಕ್ಸ್‌ರೇನಾ? ಎವರಿದಿ ಸಾರ್?" ಅಂದರು, ಯಾರದು ಅಂತ. "ಉಪ್ಪುದಿ" ಅಂದೆ. ಇನ್ನೊಂದು ಮಾತು ಕೇಳದೆ ಸ್ಕ್ಯಾನ್ ಮಾಡಿಕೊಟ್ಟರು.

ಈ ಸಲ ಮೊದಲು ಅಳತೆಗಳನ್ನು ಸರಿ ಮಾಡಿಕೊಂಡೆ. ಫಿಲ್ಮಿನ ದೂರ, ನಡುವಿನ ಬಿಂದು, ಫಿಲ್ಮ್ ಎಷ್ಟು ವಾಲಿತ್ತು ಎಂಬ ಕೋನಗಳು, ಎಲ್ಲವನ್ನೂ ಸಾಫ್ಟ್‌ವೇರ್ ಚೂರು ಚೂರೇ ತಿದ್ದಿ ಕೂಡಿಸುತ್ತದೆ. ರೆಕಾರ್ಡಿನಲ್ಲಿ 4 ಸೆಂಟಿಮೀಟರ್ ಎಂದಿದ್ದದ್ದು ನಿಜಕ್ಕೂ ಒಂದು ಮಿಲಿಮೀಟರ್ ಹೆಚ್ಚಿತ್ತು. ಗುಂಡಿ ಒತ್ತಿದೆ. 32 ಚುಕ್ಕೆ ಕೂಡಿದವು. ನಾವು ಕೊಟ್ಟ ಹೆಸರುಗಳೇ, ಎರಡನ್ನು ಬಿಟ್ಟು.

ಆಮೇಲೆ ಆ 32ನ್ನು ತೆಗೆದು, ಉಳಿದ ಒಂಬತ್ತನ್ನು ಮಾತ್ರ ಕೊಟ್ಟೆ. ಅದೇ ಉಪ್ಪು, ಇನ್ನೊಂದು ಹರಳೆಂದು ಹುಡುಕು ಅಂದೆ. ಒಂದು ನಿಮಿಷವೂ ಆಗಲಿಲ್ಲ. ಎಂಟು ಕೂಡಿದವು. ಮೊದಲನೆಯದಕ್ಕಿಂತ 3 ಡಿಗ್ರಿ ಚಿಲ್ಲರೆ ತಿರುಗಿ ನಿಂತ ಎರಡನೆಯ ಕಣ. ಚಿಕ್ಕದು, ಅದಕ್ಕೇ ಅದರ ಗಟ್ಟಿ ಚುಕ್ಕೆಗಳಷ್ಟೇ ಮಸುಕಾಗಿ ಮೂಡಿವೆ. ತಿರುವು ಅಷ್ಟು ಕಡಿಮೆ ಇರುವುದರಿಂದಲೇ ಪ್ರತಿಯೊಂದೂ ತನ್ನ ದೊಡ್ಡ ಜೋಡಿಯ ಪಕ್ಕದಲ್ಲಿ, ನೆರಳಿನ ಹಾಗೆ.

ಟೆಸ್ಟಿಂಗ್ ಮಾಡಿ ಅಭ್ಯಾಸವಾದವನಿಗೆ ಇಷ್ಟಕ್ಕೇ ನಂಬಿಕೆ ಬರುವುದಿಲ್ಲ. ಆಕಸ್ಮಿಕವಾಗಿ ಕೂಡಿರಬಹುದೇ ಎಂದು ಒಂಬತ್ತು ಸುಳ್ಳು ಚುಕ್ಕೆಗಳನ್ನು ಎಲ್ಲೆಲ್ಲೋ ಇಟ್ಟು ಇಪ್ಪತ್ತು ಸಲ ಓಡಿಸಿದೆ. ಒಮ್ಮೆಯೂ ಮೂರಕ್ಕಿಂತ ಹೆಚ್ಚು ಕೂಡಲಿಲ್ಲ. ಅವಳು ಪೆನ್ಸಿಲ್ಲಿನಲ್ಲಿ ಗುಂಡು ಹಾಕಿದ್ದು ಸರಿಯಾಗಿತ್ತು.

ಇದೆಲ್ಲ ಒಂದು ಉಪ್ಪಿನ ಬಿಲ್ಲೆಯ ವಿಷಯ, ಬಿಡಿ ಅನ್ನಬಹುದು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಆದರೆ ನಾನಿರುವ ಊರಲ್ಲೇ, ಕಂಚನ್‌ಬಾಗ್‌ನ ಡಿಎಂಆರ್‌ಎಲ್ ಪ್ರಯೋಗಾಲಯ ಹೆಲಿಕಾಪ್ಟರ್ ಎಂಜಿನ್ನಿನ ಟರ್ಬೈನಿಗೆ ಬೇಕಾದ ಅಲಗುಗಳನ್ನು ನಿಕ್ಕಲ್ ಮಿಶ್ರಲೋಹದ ಒಂದೊಂದೇ ಹರಳಾಗಿ ಎರಕ ಹೊಯ್ಯುವ ವಿದ್ಯೆ ಸಾಧಿಸಿದೆ. ಅಂಥ 60 ಅಲಗುಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್‌ಗೆ ಕೊಟ್ಟಿರುವುದಾಗಿ 2021ರ ಏಪ್ರಿಲ್‌ನಲ್ಲಿ ಡಿಆರ್‌ಡಿಒ ಪ್ರಕಟಿಸಿತು. ಒಂದೇ ಹರಳು ಯಾಕೆಂದರೆ, ಆ ಕಾವಿನಲ್ಲಿ ಲೋಹ ಸೋಲುವುದು ಎರಡು ಕಣಗಳು ಕೂಡುವ ಗಡಿಯಲ್ಲಿ. ಪ್ರಪಂಚದಲ್ಲೆಲ್ಲ ಇಂಥ ಅಲಗುಗಳ ಹರಳು ಸರಿಯಾದ ದಿಕ್ಕಿಗೆ ನಿಂತಿದೆಯೇ ಎಂದು ನೋಡಲು ಬಳಸುವ ವಿಧಾನಗಳಲ್ಲಿ ಲಾವೆ ಚಿತ್ರವೂ ಒಂದು. ಅಲ್ಲಿ ಎರಡನೆಯ ಕಣವೊಂದು ಸೇರಿಕೊಂಡಿದ್ದರೆ, ಅದರ ಚುಕ್ಕೆಗಳನ್ನು ಯಾರೋ ಒಬ್ಬರು ಫಿಲ್ಮ್ ದೋಷ ಅಂತ ಬರೆದು ಮನೆಗೆ ಹೋದರೆ? ನನ್ನ ಕೈಯಲ್ಲಿ ಇದ್ದದ್ದು ಉಪ್ಪು, ಅದು ನನ್ನ ಅದೃಷ್ಟ.

ಅವಳ ನಂಬರು ಹಳೆಯ ಕ್ಲಾಸಿನ ಗುಂಪಿನಲ್ಲಿತ್ತು. ಪಿಎಚ್‌ಡಿ ಮಾಡಲಿಲ್ಲ, ಉತ್ತರ ಕನ್ನಡದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾಳೆ. 11 ಅಂಕದಿಂದಲೇ ಹಾಗಾಯಿತು ಅನ್ನಲಾರೆ. ಆಗಲಿಲ್ಲ ಅನ್ನಲೂ ನನಗೆ ಧೈರ್ಯವಿಲ್ಲ. ನಾಲ್ಕು ದಿನ ಮುಂದೂಡಿ ಐದನೇ ದಿನ ಮಧ್ಯಾಹ್ನ ಫೋನ್ ಮಾಡಿದೆ. ಚಿತ್ರಗಳನ್ನು ಮೊದಲೇ ಕಳಿಸಿದ್ದೆ. ಎಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ.

"ನಿಂಗೆ ಆಗ್ಲೇ ಗೊತ್ತಿತ್ತಾ?" ಎಂದು ಕೇಳಿದಳು.

"ಎರಡು ಹರಳು ಅಂತ ಗೊತ್ತಿರ್ಲಿಲ್ಲ. ಫಿಲ್ಮ್ ದೋಷ ಅಲ್ಲ ಅಂತ ಗೊತ್ತಿತ್ತು."

ಆ ಕಡೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ತುಂಬ ಹೊತ್ತಾದ ಮೇಲೆ, "ನಾನು ಎಷ್ಟೋ ವರ್ಷ, ನಂಗೆ ಪ್ರಯೋಗ ಬರೋದಿಲ್ಲ ಅಂತಲೇ ತಿಳ್ಕಂಡಿದ್ದೆ ಮಾರಾಯ" ಅಂದಳು. ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಹೇಳಲಿಲ್ಲ. ನಾನು ತಪ್ಪಾಯಿತು ಅಂದೆ. ಹದಿನೈದು ವರ್ಷ ತಡವಾಗಿ ಹೇಳಿದ ಆ ಮಾತು ನನಗೇ ತೀರ ಚಿಕ್ಕದಾಗಿ ಕೇಳಿಸಿತು.

ಆಮೇಲೆ ಅವಳ ದನಿ ಬದಲಾಯಿತು. ಚಿತ್ರ ತೆರೆದು ನೋಡುತ್ತಿದ್ದಳೆಂದು ಕಾಣುತ್ತದೆ. "ಎಂಟು ಕೂಡ್ತು ಅಂದ್ಯಲ್ಲ. ಒಂಬತ್ತನೇದು?"

"ಕೂಡ್ಲಿಲ್ಲ."

"ಎಡಗಡೆ ಕೆಳಗಿಂದಾ? ಅದು ಯಾವುದರ ಪಕ್ಕದಲ್ಲೂ ಇಲ್ಲ ನೋಡು. ನಾನು ಆಗ ಸುಮ್ಮನೆ ಎಲ್ಲದರ ಜೊತೆ ಸೇರ್ಸಿಬಿಟ್ಟಿದ್ದೆ. ಅದು ನಂದೂ ತಪ್ಪೇ." ಗಂಟೆ ಹೊಡೆಯಿತು. "ಕ್ಲಾಸಿದೆ. ಆ ಫೈಲ್ ಕಳ್ಸು. ನಮ್ಮ ಲ್ಯಾಬಲ್ಲಿ ಒಂದು ಕಂಪ್ಯೂಟರ್ ಇದೆ, ಹಾಕಿ ನೋಡ್ತೀನಿ."

ಕಳಿಸಿದೆ. ಪೈಥಾನ್ ಹೇಗೆ ಹಾಕಿಕೊಳ್ಳಬೇಕೆಂದು ಕನ್ನಡದಲ್ಲಿ ಎರಡು ಪುಟ ಬರೆದೂ ಕಳಿಸಿದೆ. ಹತ್ತು ದಿನದ ಮೇಲೆ ಉತ್ತರ ಬಂತು: ಇನ್ನೂ ಕೂಡಿಲ್ಲ, ಗೀಚು ಇರಬಹುದು, ಖಚಿತಪಡಿಸಲು ಆಗಲಿಲ್ಲ.

ಕಳೆದ ವಾರ ಆಫೀಸಿನಲ್ಲಿ, ಹೊಸದಾಗಿ ಸೇರಿದ ಹುಡುಗ ನನ್ನ ಮೇಜಿನ ಹತ್ತಿರ ಬಂದ. ನಾಲ್ಕು ಲಕ್ಷ ದಾಖಲೆಗಳಲ್ಲಿ ಆರು ಕೂಡುತ್ತಿಲ್ಲ, ರಿಲೀಸ್ ನಾಳೆ, ಡೇಟಾ ದೋಷ ಅಂತ ಹಾಕಿ ಮುಚ್ಚಿಬಿಡಲೇ ಎಂದು ಕೇಳಿದ. ದೋಷ ಅಂತ ಹೇಗೆ ಗೊತ್ತಾಯಿತು ಅಂದೆ. ಗೊತ್ತಿಲ್ಲ ಸರ್, ಕೂಡ್ತಿಲ್ಲ ಅಷ್ಟೇ ಅಂದ. ಹಾಗಾದರೆ ಹಾಗೇ ಬರಿ, ಅಂದೆ. ಇಬ್ಬರೂ ಕೂತು ಆರನ್ನೂ ಒಂದೊಂದಾಗಿ ತೆಗೆದು ನೋಡತೊಡಗಿದೆವು. ಅವತ್ತು ಕಡೆಯ ಮೆಟ್ರೊ ತಪ್ಪಿತು.

ಊರಿಗೆ ಫೋನ್ ಮಾಡಿದಾಗ ಅಮ್ಮ ಆ ಪೆಟ್ಟಿಗೆಯ ವಿಷಯ ಮತ್ತೆ ಕೇಳಿದಳು. ಉಳಿದ ಪುಸ್ತಕ ಕೊಟ್ಟುಬಿಡು ಅಂದೆ. ರೆಕಾರ್ಡು ಇಲ್ಲೇ ನನ್ನ ಹತ್ತಿರ ಇದೆ. ಎರಡನೇ ಸಾಲಿಗೆ ಒಂದು ಗೆರೆ ಎಳೆದು, ಕೆಳಗೆ ಈ ವರ್ಷದ ತಾರೀಕು ಹಾಕಿ ಬರೆದಿದ್ದೇನೆ: ಮೊದಲ ಕಣ 32, ಎರಡನೆಯ ಕಣ 8, ಗೊತ್ತಾಗದ್ದು 1.